ಹಳೆಯ ಬ್ಲೋವರ್ ಬಿಚ್ಚುವ ಮುನ್ನ ಅಳೆಯಬೇಕಾದ್ದು

ಮದುವೆ ಸೀಸನ್ನಿನಲ್ಲಿ ಕಲ್ಯಾಣ ಮಂಟಪದ ಎ.ಸಿ. ಬ್ಲೋವರ್ ಕೈಕೊಟ್ಟರೆ ಮಾಲೀಕರು ಮೊದಲು ಹೇಳುವ ಮಾತು ಒಂದೇ: ‘ಇಂಥದ್ದೇ ಇನ್ನೊಂದು ತಂದು ಕೂರಿಸಿ.’ ಆಸ್ಪತ್ರೆಯವರೂ ಹಾಗೇ ಹೇಳುತ್ತಾರೆ, ಬಟ್ಟೆ ಮಳಿಗೆಯವರೂ ಹಾಗೇ. ಹೇಳುವಷ್ಟು ಸುಲಭವಾಗಿ ಆ ಕೆಲಸ ಮುಗಿಯುವುದಿಲ್ಲ. ಹತ್ತಿಪ್ಪತ್ತು ವರ್ಷದ ಹಿಂದಿನ ಮಾಡೆಲ್ ಈಗ ತಯಾರಾಗದಿರಬಹುದು. ಸಿಕ್ಕರೂ ಬಾಗಿಲಲ್ಲಿ ತೂರದಿರಬಹುದು. ಎಷ್ಟೋ ಕಟ್ಟಡಗಳಲ್ಲಿ ಯಂತ್ರವನ್ನು ಒಳಗಿಟ್ಟ ಮೇಲೆ ಗೋಡೆ ಎದ್ದಿರುತ್ತದೆ. ಬಾಗಿಲಲ್ಲೂ ತೂರಿತು ಎನ್ನಿ, ಆಮೇಲೆ ಸೇರಿಸಿದ ಡಕ್ಟು, ಬದಲಾದ ಫಿಲ್ಟರು, ಹೆಚ್ಚಿದ ಕೋಣೆಗಳಿಗೆ ಅದರ ಗಾಳಿ ಸಾಲದಿರಬಹುದು.

ಗೋವಿನಕೋವಿ, ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯಿಂದ ಐಟಿಐನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಕಲಿತು ದಾವಣಗೆರೆ, ಶಿವಮೊಗ್ಗಗಳಲ್ಲಿ ಕೆಲಸ ಹಿಡಿಯುವ ಯುವಕರಿಗೆ ಇಂಥ ಕರೆ ಬಂದೇ ಬರುತ್ತದೆ. ಫ್ಯಾನ್ ಆರಿಸಿ ಕಳಿಸುವವರು ಬೇರೆ ಊರಿನಲ್ಲಿರುತ್ತಾರೆ. ನಿಮ್ಮ ಮಂಟಪವನ್ನಾಗಲಿ ಆಪರೇಷನ್ ಥಿಯೇಟರನ್ನಾಗಲಿ ಅವರು ಕಂಡಿರುವುದಿಲ್ಲ. ಅವರಿಗೆ ಕಾಣುವುದು ನೀವು ಕಳಿಸುವ ಅಳತೆಯ ಹಾಳೆ ಮಾತ್ರ. ಜಾಗ ನೋಡದವರಿಗೂ ಜಾಗ ಅರ್ಥವಾಗುವಂತೆ ಆ ಹಾಳೆ ಇರಬೇಕು. ಅದನ್ನು ತುಂಬುವ ಬಗೆ ಇಲ್ಲಿದೆ.

ಓಡುತ್ತಿರುವಾಗಲೇ ಮೊದಲ ಅಳತೆ

ಸೈಟಿಗೆ ಹೋದ ತಕ್ಷಣ ಸ್ಪ್ಯಾನರ್ ತೆಗೆಯಬೇಡಿ. ಗಾಳಿ, ಒತ್ತಡ, ಕರೆಂಟು, ವೇಗ ಈ ನಾಲ್ಕೂ ಫ್ಯಾನ್ ತಿರುಗುತ್ತಿದ್ದಾಗ ಮಾತ್ರ ಸಿಗುವ ಅಳತೆಗಳು. ಬೇರಿಂಗ್ ಸದ್ದು ಮಾಡುತ್ತಿದ್ದರೂ ಓಡುವ ಸ್ಥಿತಿಯಲ್ಲಿದ್ದರೆ ಇವನ್ನು ಮೊದಲು ಬರೆದುಕೊಳ್ಳಿ. ಫ್ಯಾನ್ ಪೂರ್ತಿ ನಿಂತೇ ಹೋಗಿದ್ದರೆ ಹಳೆಯ ಟೆಸ್ಟ್ ರಿಪೋರ್ಟು, ಕಟ್ಟಡದ ಎ.ಸಿ. ನಕ್ಷೆ, ಕೋಣೆಯ ಉದ್ದಗಲ ಎತ್ತರ ಇವುಗಳ ಆಧಾರದಲ್ಲಿ ಲೆಕ್ಕ ಕಟ್ಟಬೇಕಾಗುತ್ತದೆ. ಅದನ್ನೂ ಹಾಳೆಯಲ್ಲಿ ಬರೆಯಿರಿ: ಯಾವುದು ಅಳೆದದ್ದು, ಯಾವುದು ಲೆಕ್ಕ ಹಾಕಿದ್ದು ಎಂಬುದು ಓದುವವರಿಗೆ ತಿಳಿಯಬೇಕು.

ಅಳೆಯುವ ಮುಂಚೆ ಯಂತ್ರ ನಿತ್ಯದ ಸ್ಥಿತಿಯಲ್ಲಿದೆಯೇ ನೋಡಿ. ಏರ್ ಹ್ಯಾಂಡ್ಲರ್‌ನ (ಎ.ಎಚ್.ಯು.) ಬಾಗಿಲುಗಳೆಲ್ಲ ಮುಚ್ಚಿರಬೇಕು. ನಮ್ಮ ಬಹುತೇಕ ಕಟ್ಟಡಗಳಲ್ಲಿ ಎ.ಎಚ್.ಯು. ಕೋಣೆಯೇ ವಾಪಸ್ ಗಾಳಿ ಸೇರುವ ಜಾಗವಾಗಿರುವುದರಿಂದ ಆ ಕೋಣೆಯ ಬಾಗಿಲನ್ನೂ ಮುಚ್ಚಿಯೇ ಅಳೆಯಬೇಕು. ಡ್ಯಾಂಪರ್‌ಗಳು ಎಷ್ಟು ತೆರೆದಿವೆ, ಮೋಟಾರಿನ ವೇಗ ಬದಲಿಸುವ ವಿ.ಎಫ್.ಡಿ. ಇದ್ದರೆ ಅದು ಎಷ್ಟು ಹರ್ಟ್ಸ್‌ನಲ್ಲಿದೆ, ತಂಪು ಚಾಲೂ ಇದೆಯೇ ಎಂಬುದನ್ನು ಬರೆದಿಡಿ. ಕಾಯಿಲ್ ತಂಪಾಗಿ ನೀರು ಹನಿಯುತ್ತಿದ್ದರೆ ಗಾಳಿಗೆ ತಡೆ ಹೆಚ್ಚು, ಒಣಗಿದ್ದರೆ ಕಡಿಮೆ.

ಫಿಲ್ಟರ್ ವಿಷಯದಲ್ಲಿ ನಮ್ಮ ದಾವಣಗೆರೆ ಜಿಲ್ಲೆಯವರು ಹೆಚ್ಚು ಎಚ್ಚರವಾಗಿರಬೇಕು. ಮೆಕ್ಕೆಜೋಳದ ಒಕ್ಕಣೆ ನಡೆಯುವ ದಿನಗಳಲ್ಲಿ ಗಾಳಿಯಲ್ಲಿ ಹೊಟ್ಟು, ದೂಳು ವಿಪರೀತ. ವಾರ ಕಳೆಯುವಷ್ಟರಲ್ಲಿ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಅಂಥ ಫಿಲ್ಟರ್ ಇಟ್ಟುಕೊಂಡು ಅಳೆದರೆ ದೂಳಿನ ತಡೆಯನ್ನೂ ಕಟ್ಟಡದ ತಡೆ ಎಂದೇ ಬರೆದಂತಾಗುತ್ತದೆ. ಹಾಗಾಗಿ ಇದ್ದ ಸ್ಥಿತಿಯಲ್ಲಿ ಒಮ್ಮೆ, ತೊಳೆದ ಅಥವಾ ಹೊಸ ಫಿಲ್ಟರ್ ಹಾಕಿ ಇನ್ನೊಮ್ಮೆ ಅಳೆಯಿರಿ. ಎರಡೂ ಅಂಕಿ ಹಾಳೆಯಲ್ಲಿರಲಿ. ಹೊಸ ಫ್ಯಾನ್ ಚೊಕ್ಕಟ ಫಿಲ್ಟರಿನಲ್ಲೂ ಕಟ್ಟಿಕೊಂಡ ಫಿಲ್ಟರಿನಲ್ಲೂ ದುಡಿಯಬೇಕಲ್ಲವೇ?

ಗಾಳಿ ಎಷ್ಟು?

ಗಾಳಿಯ ಪ್ರಮಾಣ ತಿಳಿಯಲು ಸುಲಭದ ಜಾಗ ಫಿಲ್ಟರಿನ ಮುಖ. ಅಲ್ಲಿ ಗಾಳಿ ಅಗಲವಾಗಿ, ನಿಧಾನವಾಗಿ ಹಾಯುತ್ತದೆ. ಆ ಮುಖವನ್ನು ಸಮನಾದ ಚೌಕಗಳಾಗಿ ಭಾಗಿಸಿಕೊಂಡು ಪ್ರತಿ ಚೌಕದ ನಡುವೆ ಎನಿಮೋಮೀಟರ್ ಹಿಡಿಯಿರಿ. ಎದುರಿಗೆ ನಿಂತರೆ ನಿಮ್ಮ ಮೈಯೇ ಗಾಳಿಗೆ ಅಡ್ಡವಾಗುತ್ತದೆ. ಪಕ್ಕಕ್ಕೆ ಸರಿದು ಕೈ ಚಾಚಿ ಹಿಡಿಯಬೇಕು. ನಡುವಿನಲ್ಲಿ ಒಂದೇ ಒಂದು ರೀಡಿಂಗ್ ತೆಗೆದು ಮುಗಿಸಬೇಡಿ. ಮೂಲೆಗಳಲ್ಲಿ ವೇಗ ನಡುವಿಗಿಂತ ಬಹಳ ಬೇರೆ ಇರುತ್ತದೆ.

ಒಂದು ಲೆಕ್ಕ ನೋಡೋಣ. ಚೌಕಟ್ಟಿನ ಪಟ್ಟಿಗಳನ್ನು ಬಿಟ್ಟು ಗಾಳಿ ಹಾಯುವ ಜಾಗ 1.2 ಮೀಟರ್ ಅಗಲ, 1.2 ಮೀಟರ್ ಎತ್ತರ ಇದೆ ಎನ್ನಿ. ವಿಸ್ತೀರ್ಣ 1.44 ಚದರ ಮೀಟರ್. ಹದಿನಾರು ಚೌಕಗಳ ಸರಾಸರಿ ವೇಗ ಸೆಕೆಂಡಿಗೆ 2.2 ಮೀಟರ್ ಬಂದರೆ ಗಾಳಿ ಸೆಕೆಂಡಿಗೆ 3.17 ಘನ ಮೀಟರ್, ಅಂದರೆ ಸುಮಾರು 6,700 ಸಿ.ಎಫ್.ಎಂ. ಸಾಮಾನ್ಯ ಎ.ಸಿ.ಯಲ್ಲಿ ಒಂದು ಟನ್ನಿಗೆ ಸುಮಾರು 400 ಸಿ.ಎಫ್.ಎಂ. ಲೆಕ್ಕ. ಹಾಗಾಗಿ ಇದು ಸುಮಾರು 17 ಟನ್ನಿನ ಯಂತ್ರಕ್ಕೆ ಹೊಂದುವ ಗಾಳಿ. ಯಂತ್ರದ ಮೇಲೆ 25 ಟನ್ ಎಂದು ಬರೆದಿದ್ದರೆ ಎಲ್ಲೋ ಗಾಳಿ ಕಟ್ಟಿಕೊಂಡಿದೆ, ಅಥವಾ ಅಳತೆ ತಪ್ಪಿದೆ. ಎರಡರಲ್ಲಿ ಯಾವುದೆಂದು ಅಲ್ಲಿರುವಾಗಲೇ ಹುಡುಕಿ.

ಆಸ್ಪತ್ರೆಯಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಆಪರೇಷನ್ ಥಿಯೇಟರಿನ ಗಾಳಿ ಗಂಟೆಗೆ ಕನಿಷ್ಠ 20 ಬಾರಿ ಬದಲಾಗಬೇಕು, ಅದರಲ್ಲಿ 4 ಬಾರಿಯದ್ದು ಹೊರಗಿನ ತಾಜಾ ಗಾಳಿಯಾಗಿರಬೇಕು ಎಂಬುದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾರ್ಗಸೂಚಿ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾತ್ರ 4,000 ಘನ ಅಡಿ. ಗಂಟೆಗೆ 20 ಬಾರಿ ಎಂದರೆ 80,000 ಘನ ಅಡಿ; ನಿಮಿಷಕ್ಕೆ ಭಾಗಿಸಿದರೆ ಸುಮಾರು 1,330 ಸಿ.ಎಫ್.ಎಂ. ಹಳೆಯ ಫ್ಯಾನ್ ಇಷ್ಟನ್ನು ಕೊಡುತ್ತಿರಲಿಲ್ಲ ಎಂದಾದರೆ ‘ಇಂಥದ್ದೇ ಇನ್ನೊಂದು’ ತರುವುದು ರೋಗಿಗೆ ಮಾಡುವ ಅನ್ಯಾಯ. ಅಳೆದವರು ಅದನ್ನು ಬಾಯಿಬಿಟ್ಟು ಹೇಳಬೇಕು.

ಒತ್ತಡ ಎಷ್ಟು?

ಫ್ಯಾನ್ ಆರಿಸಲು ಗಾಳಿಯ ಪ್ರಮಾಣವೊಂದೇ ಸಾಲದು. ಆ ಗಾಳಿಯನ್ನು ಫಿಲ್ಟರ್, ಕಾಯಿಲ್, ಡಕ್ಟುಗಳ ಮೂಲಕ ತಳ್ಳಲು ಎಷ್ಟು ಸ್ಟ್ಯಾಟಿಕ್ ಪ್ರೆಶರ್ ಬೇಕು ಎಂಬುದೂ ಗೊತ್ತಾಗಬೇಕು. ಬಹಳ ಮಂದಿ ಅಳೆಯದೆ ಬಿಡುವುದು ಇದನ್ನೇ.

ಡಿಜಿಟಲ್ ಮ್ಯಾನೋಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಿಲ್ಲಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವಂಥ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಬಿಗಿದು, ಅರ್ಧ ನೀರು ತುಂಬಿ, ಒಂದು ತುದಿಯನ್ನು ಯಂತ್ರದ ತೂತಿಗೆ ಕೊಟ್ಟು ಇನ್ನೊಂದನ್ನು ಹೊರಗೆ ಬಿಟ್ಟರೆ ಅದೇ ಮ್ಯಾನೋಮೀಟರ್. ಎರಡು ಕಾಲುಗಳ ನೀರಿನ ಮಟ್ಟದಲ್ಲಿ 1 ಮಿಲಿಮೀಟರ್ ವ್ಯತ್ಯಾಸ ಎಂದರೆ 9.8 ಪಾಸ್ಕಲ್. ಸಣ್ಣ ಒತ್ತಡಗಳಿಗೆ ಇದು ಸೂಕ್ಷ್ಮ ಸಾಲದು, ಆದರೆ ಫ್ಯಾನಿನ ಎರಡು ಬದಿಯ ಒತ್ತಡ ನೋಡಲು ನಂಬಬಹುದು.

ಐದು ಕಡೆ ಅಳೆಯಿರಿ: ಫಿಲ್ಟರಿಗೆ ಮುಂಚೆ, ಫಿಲ್ಟರ್ ಆದ ಮೇಲೆ, ಕಾಯಿಲ್ ಆದ ಮೇಲೆ, ಫ್ಯಾನ್ ಎಳೆಯುವ ಬದಿ, ಫ್ಯಾನ್ ಬಿಡುವ ಬದಿ. ಪ್ಯಾನೆಲಿನಲ್ಲಿ 6 ಮಿಲಿಮೀಟರಿನ ತೂತು ಸಾಕು. ಕೊರೆಯುವ ಮೊದಲು ಒಳಗೆ ಕಾಯಿಲ್ ಟ್ಯೂಬಾಗಲಿ ವೈರಾಗಲಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ರಬ್ಬರ್ ಗ್ರಾಮೆಟ್ ಹಾಕಿ ಮುಚ್ಚಿ. ಫ್ಯಾನಿನ ಬಾಯಿಗೆ ನೇರವಾಗಿ ಪೈಪು ಹಿಡಿದರೆ ಗಾಳಿಯ ರಭಸವೂ ಸೇರಿ ತಪ್ಪು ಅಂಕಿ ಬರುತ್ತದೆ. ಪೈಪು ಗಾಳಿ ಹರಿಯುವ ದಿಕ್ಕಿಗೆ ಲಂಬವಾಗಿರಬೇಕು, ಅದರ ಬಾಯಿ ಗಾಳಿಗೆ ಎದುರಾಗಿರಬಾರದು.

ಎಳೆಯುವ ಬದಿಯಲ್ಲಿ ಮೈನಸ್ 350 ಪಾಸ್ಕಲ್, ಬಿಡುವ ಬದಿಯಲ್ಲಿ ಪ್ಲಸ್ 250 ಪಾಸ್ಕಲ್ ಬಂದರೆ ಫ್ಯಾನಿನ ಮೇಲಿನ ಒಟ್ಟು ಸ್ಟ್ಯಾಟಿಕ್ ಪ್ರೆಶರ್ 600 ಪಾಸ್ಕಲ್, ಅಂದರೆ ನೀರಿನ ಲೆಕ್ಕದಲ್ಲಿ 61 ಮಿಲಿಮೀಟರ್. ಮೈನಸ್ ಚಿಹ್ನೆಯನ್ನು ಮರೆತು 350ರಲ್ಲಿ 250 ಕಳೆದು 100 ಎಂದು ಬರೆದರೆ ಬರುವ ಫ್ಯಾನ್ ಡಕ್ಟಿನ ತುದಿಗೆ ಗಾಳಿಯನ್ನೇ ಮುಟ್ಟಿಸುವುದಿಲ್ಲ.

ಎತ್ತರದ ಲೆಕ್ಕವನ್ನೂ ಬಿಡಬೇಡಿ. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಕ್ಯಾಟಲಾಗಿನ ಅಂಕಿಗಳು ಘನ ಮೀಟರಿಗೆ 1.2 ಕಿಲೋ ತೂಗುವ ಗಾಳಿಗೆ ಬರೆದವು. ನಮ್ಮಲ್ಲಿ ಕಾಯಿಲ್ ದಾಟಿ 14 ಡಿಗ್ರಿಗೆ ಇಳಿದ ಗಾಳಿ ಸುಮಾರು 1.14 ಕಿಲೋ, 30 ಡಿಗ್ರಿಯ ಗಾಳಿ ಸುಮಾರು 1.08 ಕಿಲೋ ತೂಗುತ್ತದೆ. ಹಗುರ ಗಾಳಿಯಲ್ಲಿ ಅದೇ ಫ್ಯಾನ್ ಕೊಡುವ ಒತ್ತಡವೂ ಕಡಿಮೆ. ಆದ್ದರಿಂದ ಊರಿನ ಎತ್ತರ, ಫ್ಯಾನಿನ ಹತ್ತಿರದ ಗಾಳಿಯ ಉಷ್ಣತೆ ಎರಡನ್ನೂ ಬರೆದು, ‘ಒತ್ತಡ ಸೈಟಿನಲ್ಲಿ ಅಳೆದದ್ದು’ ಎಂದು ಸ್ಪಷ್ಟವಾಗಿ ಸೇರಿಸಿ.

ಕರೆಂಟು, ವೋಲ್ಟೇಜು, ವೇಗ

ಕ್ಲ್ಯಾಂಪ್ ಮೀಟರಿನಿಂದ ಮೂರೂ ಫೇಸಿನ ಕರೆಂಟನ್ನೂ, ಅದೇ ಹೊತ್ತಿಗೆ ವೋಲ್ಟೇಜನ್ನೂ ಬರೆದುಕೊಳ್ಳಿ. ವೋಲ್ಟೇಜ್ ಬಿದ್ದಾಗ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಇಲ್ಲದ ಆಂಪಿಯರ್ ಅಂಕಿಗೆ ಅರ್ಥವಿಲ್ಲ. 415 ವೋಲ್ಟು, 7 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಇದ್ದರೆ ಮೋಟಾರ್ ಎಳೆಯುತ್ತಿರುವುದು ಸುಮಾರು 4 ಕಿಲೋವಾಟ್. ಮೇಲಿನ ಲೆಕ್ಕದಲ್ಲಿ ಗಾಳಿಗೆ ನಿಜವಾಗಿ ತಲುಪುತ್ತಿರುವ ಶಕ್ತಿ 3.17 ಗುಣಿಸು 600, ಅಂದರೆ 1.9 ಕಿಲೋವಾಟ್. ಉಳಿದರ್ಧ ಫ್ಯಾನು, ಬೆಲ್ಟು, ಮೋಟಾರುಗಳಲ್ಲೇ ಕಳೆದುಹೋಗುತ್ತಿದೆ. ಹೊಸ ಫ್ಯಾನಿನಿಂದ ಕರೆಂಟ್ ಬಿಲ್ಲು ಎಷ್ಟು ಉಳಿಯಬಹುದು ಎಂದು ಮಾಲೀಕರು ಕೇಳಿದರೆ ಉತ್ತರ ಹೇಳಬೇಕಾದ್ದು ಈ ಎರಡು ಅಂಕಿಗಳಿಂದ.

ಕರೆಂಟ್ ಕಡಿಮೆ ಇದೆಯೆಂದು ಫ್ಯಾನ್ ಚೆನ್ನಾಗಿದೆ ಎಂದುಕೊಳ್ಳಬಾರದು. ತೋಟದ ಪಂಪ್‌ಸೆಟ್ಟಿನಲ್ಲಿ ಫುಟ್‌ವಾಲ್ವ್ ಕಟ್ಟಿಕೊಂಡಾಗ ನೀರೂ ಕಡಿಮೆ, ಆಂಪಿಯರೂ ಕಡಿಮೆ ಆಗುವುದನ್ನು ರೈತರೆಲ್ಲ ಬಲ್ಲರು. ಮುಂದಕ್ಕೆ ಬಾಗಿದ ರೆಕ್ಕೆಯ ಬ್ಲೋವರಿನಲ್ಲೂ ಹಾಗೇ: ಫಿಲ್ಟರ್ ಕಟ್ಟಿದಷ್ಟೂ ಕರೆಂಟ್ ಇಳಿಯುತ್ತದೆ. ಅದೇ ಬ್ಲೋವರಿನ ಯಂತ್ರದಲ್ಲಿ ಬಾಗಿಲು ತೆರೆದು ಓಡಿಸಿದರೆ ತಡೆ ಇಳಿದು ಗಾಳಿ ಹೆಚ್ಚಾಗಿ ಮೋಟಾರ್ ಓವರ್‌ಲೋಡ್ ಆಗಬಹುದು.

ವಿ.ಎಫ್.ಡಿ. ಇದ್ದಲ್ಲಿ ಅದರಿಂದ ಮೋಟಾರಿಗೆ ಹೋಗುವ ವೈರಿಗೆ ಸಾಮಾನ್ಯ ಕ್ಲ್ಯಾಂಪ್ ಮೀಟರ್ ಹಾಕಿದರೆ ಅಂಕಿ ನಂಬುವಂತಿರುವುದಿಲ್ಲ. ವಿ.ಎಫ್.ಡಿ. ಪರದೆಯ ಮೇಲಿನ ಆಂಪಿಯರ್, ಕಿಲೋವಾಟ್, ಹರ್ಟ್ಸ್ ಬರೆದುಕೊಳ್ಳಿ.

ಫ್ಯಾನಿನ ವೇಗವನ್ನು ಹೊಳೆಯುವ ಪಟ್ಟಿ ಅಂಟಿಸಿ ಟ್ಯಾಕೋಮೀಟರಿನಿಂದ ನೋಡಿ. ಪುಲ್ಲಿಯ ಲೆಕ್ಕದೊಂದಿಗೆ ತಾಳೆ ಹಾಕಿ: ಮೋಟಾರ್ ನಿಮಿಷಕ್ಕೆ 1,440 ಸುತ್ತು, ಮೋಟಾರ್ ಪುಲ್ಲಿ 150, ಫ್ಯಾನ್ ಪುಲ್ಲಿ 250 ಮಿಲಿಮೀಟರ್ ಆದರೆ ಫ್ಯಾನ್ 864 ಸುತ್ತು ತಿರುಗಬೇಕು. ಅದಕ್ಕಿಂತ ಬಹಳ ಕಡಿಮೆ ಬಂದರೆ ಬೆಲ್ಟ್ ಜಾರುತ್ತಿದೆ. ಎಷ್ಟೋ ಸಲ ಬೇಕಾಗಿರುವುದು ಹೊಸ ಬೆಲ್ಟು ಮಾತ್ರ. ಅದನ್ನು ಮಾಲೀಕರಿಗೆ ಹೇಳುವುದು ಅಳೆಯಲು ಹೋದವರ ಧರ್ಮ.

‘ಸ್ವಲ್ಪ ಸ್ಪೀಡ್ ಜಾಸ್ತಿ ಮಾಡಿ ಬಿಡಿ’ ಎನ್ನುವವರಿಗೆ ಈ ಸೂತ್ರ ತೋರಿಸಿ: ವೇಗ ಶೇಕಡಾ 10 ಏರಿದರೆ ಗಾಳಿ ಶೇಕಡಾ 10, ಒತ್ತಡ ಶೇಕಡಾ 21, ಬೇಕಾಗುವ ಶಕ್ತಿ ಶೇಕಡಾ 33 ಏರುತ್ತದೆ. ಮೋಟಾರಿಗೆ ಅಷ್ಟು ತ್ರಾಣ ಉಳಿದಿದೆಯೇ ಎಂಬುದನ್ನು ನೇಮ್‌ಪ್ಲೇಟ್ ಹೇಳುತ್ತದೆ.

ನಿಲ್ಲಿಸಿ, ಬೀಗ ಹಾಕಿ, ಆಮೇಲೆ ಒಳಗೆ

ಈಗ ಯಂತ್ರ ನಿಲ್ಲಿಸಿ. ಸ್ಟಾರ್ಟರ್ ಒತ್ತಿದರೆ ಸಾಲದು. ಐಸೊಲೇಟರ್ ಕೆಳಗಿಳಿಸಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ನೋಡಿ. ವಿ.ಎಫ್.ಡಿ. ಇದ್ದರೆ ಅದರೊಳಗಿನ ಚಾರ್ಜ್ ಇಳಿಯಲು ಅದರ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಕರೆಂಟ್ ಇಲ್ಲದಿದ್ದರೂ ಡಕ್ಟಿನಿಂದ ಹಿಂದಕ್ಕೆ ಬರುವ ಗಾಳಿಗೆ ಫ್ಯಾನ್ ತಿರುಗಬಲ್ಲದು. ಪುಲ್ಲಿಯನ್ನು ಕಟ್ಟಿಯೇ ಕೈ ಹಾಕಿ. ಒಬ್ಬರೇ ಒಳಗೆ ಹೋಗಬೇಡಿ. ಆಸ್ಪತ್ರೆಯಲ್ಲಾದರೆ ಆಪರೇಷನ್ ಇಲ್ಲದ ಹೊತ್ತನ್ನು ಮೊದಲೇ ಕೇಳಿಕೊಂಡು, ಬರಹದಲ್ಲಿ ಅನುಮತಿ ಪಡೆಯಿರಿ.

ಮೋಟಾರಿನ ನೇಮ್‌ಪ್ಲೇಟ್ ಒರೆಸಿ ಫೋಟೊ ತೆಗೆಯಿರಿ. ಅಕ್ಷರ ಮಾಸಿದ್ದರೂ ದಾರಿಯಿದೆ: ಮೋಟಾರಿನ ಕಾಲಿನಿಂದ ಶಾಫ್ಟಿನ ನಡುವಿನವರೆಗಿನ ಎತ್ತರವೇ ಅದರ ಫ್ರೇಮ್ ಸಂಖ್ಯೆ. 112 ಮಿಲಿಮೀಟರ್ ಇದ್ದರೆ ಫ್ರೇಮ್ 112, 132 ಇದ್ದರೆ ಫ್ರೇಮ್ 132. ಬೇರಿಂಗ್ ಮೇಲೆ ಯು.ಸಿ.ಪಿ. 208 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ: ಶಾಫ್ಟ್ 40 ಮಿಲಿಮೀಟರ್. ಬೆಲ್ಟಿನ ಮೇಲೆ ಬಿ 68 ಎಂದಿದ್ದರೆ ಅದು 17 ಮಿಲಿಮೀಟರ್ ಅಗಲದ ಬಿ ಸೆಕ್ಷನ್, ಒಳಸುತ್ತು 68 ಇಂಚು.

ಬ್ಲೋವರಿನಲ್ಲಿ ಚಕ್ರದ ವ್ಯಾಸ, ಅಗಲ, ಗಾಳಿಯನ್ನು ಒಂದೇ ಬದಿಯಿಂದ ಎಳೆಯುತ್ತದೆಯೋ ಎರಡೂ ಬದಿಯಿಂದಲೋ, ರೆಕ್ಕೆ ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ಎಂಬುದನ್ನು ಬರೆಯಿರಿ. ತಿರುಗುವ ದಿಕ್ಕನ್ನು ಪುಲ್ಲಿಯ ಬದಿಯಿಂದ ನೋಡಿ ಬರೆಯುವುದು ವಾಡಿಕೆ. ‘ಪುಲ್ಲಿ ಬದಿಯಿಂದ ನೋಡಿದಾಗ’ ಎಂದು ಹಾಳೆಯಲ್ಲೂ ನಮೂದಿಸಿ, ಬಾಣದ ಗುರುತಿರುವ ಚಿತ್ರವನ್ನೂ ಬಿಡಿಸಿ.

ಒಳಗಿನ ಉದ್ದ, ಅಗಲ, ಎತ್ತರಗಳನ್ನು ತಲಾ ಮೂರು ಕಡೆ ಅಳೆದು ಅತಿ ಕಡಿಮೆಯದನ್ನು ಹಿಡಿಯಿರಿ. ಹಳೆಯ ಪ್ಯಾನೆಲ್‌ಗಳು ಉಬ್ಬಿರುತ್ತವೆ, ತಳ ಕುಸಿದಿರುತ್ತದೆ. ಮೂಲೆಯಿಂದ ಮೂಲೆಗೂ ಅಳೆಯಿರಿ: ಎರಡು ಕರ್ಣಗಳು ಸಮನಾಗಿಲ್ಲದಿದ್ದರೆ ಚೌಕಟ್ಟು ಸೊಟ್ಟಗಿದೆ, ಹೊಸ ಫ್ರೇಮ್ ಕೂರುವುದಿಲ್ಲ. ಎಲ್ಲವನ್ನೂ ಮಿಲಿಮೀಟರಿನಲ್ಲೇ ಬರೆಯಿರಿ. ಅಡಿ, ಇಂಚು, ಮಿಲಿಮೀಟರ್ ಬೆರೆತ ಹಾಳೆಯಿಂದಲೇ ಹೆಚ್ಚಿನ ಎಡವಟ್ಟು ಆಗುವುದು.

ಒಂದು ದೊಡ್ಡದೋ, ನಾಲ್ಕು ಚಿಕ್ಕವೋ

ಈಗ ದೊಡ್ಡ ಬೆಲ್ಟ್ ಬ್ಲೋವರಿನ ಬದಲು ಮೋಟಾರಿಗೇ ಚಕ್ರ ಕೂರಿಸಿದ ಚಿಕ್ಕ ಫ್ಯಾನ್‌ಗಳನ್ನು ಗೋಡೆಯಂತೆ ಜೋಡಿಸುವ ಪದ್ಧತಿ ಬಂದಿದೆ. 6,700 ಸಿ.ಎಫ್.ಎಂ. ಗಾಳಿಯನ್ನು ನಾಲ್ಕು ಫ್ಯಾನ್ ಹಂಚಿಕೊಂಡರೆ ಒಂದೊಂದಕ್ಕೆ 1,675. ಚಿಕ್ಕವಾದ್ದರಿಂದ ಮೂರಡಿ ಬಾಗಿಲಲ್ಲೂ ಒಯ್ಯಬಹುದು. ಒಂದು ಕೆಟ್ಟರೂ ಉಳಿದ ಮೂರು ನಡೆಯುತ್ತವೆ. ಆಪರೇಷನ್ ಥಿಯೇಟರಿಗೆ ಇದು ದೊಡ್ಡ ಅನುಕೂಲ. ಆದರೆ ಕೆಟ್ಟು ನಿಂತ ಫ್ಯಾನಿನ ಮೂಲಕ ಗಾಳಿ ಹಿಂದಕ್ಕೆ ಹರಿಯದಂತೆ ಪ್ರತಿಯೊಂದಕ್ಕೂ ತಡೆಬಾಗಿಲು ಬೇಕು. ಅದಕ್ಕೂ ಜಾಗ ಅಳೆದಿಡಿ.

ಇಂಥ ಫ್ಯಾನ್‌ಗೆ ಸುತ್ತ ತೆರಪು ಬೇಕು. ಸಾಮಾನ್ಯವಾಗಿ ಪಕ್ಕದ ಗೋಡೆಗೆ ಚಕ್ರದ ವ್ಯಾಸದ ಅರ್ಧದಷ್ಟು, ಎರಡು ಫ್ಯಾನ್‌ಗಳ ನಡುವೆ ಒಂದು ವ್ಯಾಸದಷ್ಟು ಅಂತರ ಕೇಳುತ್ತಾರೆ. ಖಚಿತ ಅಂಕಿ ಆಯಾ ಕ್ಯಾಟಲಾಗಿನಲ್ಲಿರುತ್ತದೆ. ಆದ್ದರಿಂದ ಕಾಯಿಲಿನಿಂದ ಫ್ಯಾನ್ ಗೋಡೆಯವರೆಗೆ, ಅಲ್ಲಿಂದ ಡಕ್ಟಿನ ಬಾಯಿಯವರೆಗೆ ಇರುವ ದೂರ ತಪ್ಪದೆ ಬೇಕು.

ಹಾಗೇ ಕಾಯಿಲ್ ಕೆಳಗಿನ ತಟ್ಟೆಯ ನೀರು ಹೊರಹೋಗುವ ಪೈಪಿನ ಟ್ರ್ಯಾಪ್ ಅಳೆಯಿರಿ. ಫ್ಯಾನ್ ಎಳೆಯುವ ಬದಿಯಲ್ಲಿ ಮೈನಸ್ 350 ಪಾಸ್ಕಲ್ ಎಂದರೆ 36 ಮಿಲಿಮೀಟರ್ ನೀರನ್ನು ಮೇಲಕ್ಕೆಳೆಯುವ ಬಲ. ಹೊಸ ಫ್ಯಾನಿನ ಎಳೆತ ಹೆಚ್ಚಾಗಿ ಟ್ರ್ಯಾಪ್ ಆಳ ಸಾಲದಾದರೆ ತಟ್ಟೆ ತುಂಬಿ ನೀರು ಸೀಲಿಂಗಿಗೆ ಇಳಿಯುತ್ತದೆ.

ಬರುವ ದಾರಿ

ಫ್ಯಾನ್ ಲಾರಿಯಿಂದ ಇಳಿದಲ್ಲಿಂದ ಕೂರುವ ಜಾಗದವರೆಗೆ ಟೇಪು ಹಿಡಿದು ನಡೆಯಿರಿ. ಗೇಟು, ಮೆಟ್ಟಿಲ ತಿರುವು, ಲಿಫ್ಟಿನ ಬಾಗಿಲು ಮತ್ತು ಹೊರುವ ತೂಕ, ತಲೆಯ ಮೇಲೆ ಹಾದ ಪೈಪು, ಟೆರೇಸಿನ ಪ್ಯಾರಾಪೆಟ್ ಎಲ್ಲವನ್ನೂ ಬರೆಯಿರಿ. ಬಾಗಿಲಿನ ಅಗಲವನ್ನು ಕದ ತೆರೆದಿಟ್ಟು, ಕದದ ದಪ್ಪ ಬಿಟ್ಟು ಅಳೆಯಬೇಕು. ಇಡೀ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಯಾವುದೋ ಫ್ಯಾನಿನ ಗಾತ್ರವನ್ನು ನಿರ್ಧರಿಸುವುದು ಅದೇ.

ಬೆಂಕಿ ಎಚ್ಚರಿಕೆ ಪ್ಯಾನೆಲಿನಿಂದ ಎ.ಎಚ್.ಯು. ನಿಲ್ಲಿಸುವ ವೈರು ಎಲ್ಲಿ ಸೇರಿದೆ ಎಂಬುದನ್ನು ಗುರುತಿಸಿ ಫೋಟೊ ಇಡಿ. ಹೊಸ ಫ್ಯಾನಿಗೂ ಅದು ಸೇರದಿದ್ದರೆ ಬೆಂಕಿ ಬಿದ್ದ ದಿನ ಹೊಗೆಯನ್ನು ಕೋಣೆ ಕೋಣೆಗೆ ಹಂಚುವುದು ಇದೇ ಫ್ಯಾನ್.

ಕೆಲಸದ ಕಾಲವನ್ನೂ ಹಾಳೆಯಲ್ಲೇ ಸೂಚಿಸಿ. ಕಲ್ಯಾಣ ಮಂಟಪಕ್ಕೆ ಆಷಾಢದಷ್ಟು ಒಳ್ಳೆಯ ತಿಂಗಳಿಲ್ಲ, ಮದುವೆಗಳಿರುವುದಿಲ್ಲ. ಅಳತೆ ಮಾತ್ರ ಬೇಸಿಗೆಯಲ್ಲಿ, ಜನ ತುಂಬಿ ಯಂತ್ರ ಪೂರ್ತಿ ದುಡಿಯುವಾಗಲೇ ಮುಗಿದಿರಲಿ.

ಹಾಳೆಯಲ್ಲಿ ಇರಲೇಬೇಕಾದ್ದು

- ದಿನಾಂಕ, ಹೊತ್ತು, ಊರಿನ ಎತ್ತರ, ಗಾಳಿಯ ಉಷ್ಣತೆ, ತಂಪು ಚಾಲೂ ಇತ್ತೇ
- ಫಿಲ್ಟರಿನ ಸ್ಥಿತಿ, ಡ್ಯಾಂಪರ್‌ಗಳ ಸ್ಥಿತಿ
- ಗಾಳಿಯ ಪ್ರಮಾಣ, ಎಲ್ಲ ಚೌಕಗಳ ಬಿಡಿ ಅಂಕಿ ಸಹಿತ
- ಐದೂ ಕಡೆಯ ಒತ್ತಡ, ಪ್ಲಸ್ ಮೈನಸ್ ಚಿಹ್ನೆ ಸಹಿತ
- ಮೂರು ಫೇಸಿನ ಕರೆಂಟ್, ವೋಲ್ಟೇಜ್, ಹರ್ಟ್ಸ್, ಫ್ಯಾನಿನ ವೇಗ
- ಮೋಟಾರ್, ಪುಲ್ಲಿ, ಬೆಲ್ಟ್, ಬೇರಿಂಗ್, ಶಾಫ್ಟ್ ವಿವರ
- ಒಳಗಿನ ಅಳತೆ ಮಿಲಿಮೀಟರಿನಲ್ಲಿ, ಕೈಚಿತ್ರ, ತಿರುಗುವ ದಿಕ್ಕು
- ಟ್ರ್ಯಾಪ್, ವೈರಿಂಗ್, ಬೆಂಕಿ ಎಚ್ಚರಿಕೆಯ ಜೋಡಣೆ
- ದಾರಿಯ ಅತಿ ಇಕ್ಕಟ್ಟಾದ ಜಾಗ

ಹೊಸ ಫ್ಯಾನ್ ಕೂತ ಮೇಲೆ ಅದೇ ತೂತುಗಳಲ್ಲಿ, ಅದೇ ಚೌಕಗಳಲ್ಲಿ ಇನ್ನೊಮ್ಮೆ ಅಳೆದು ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ. ಕೊಟ್ಟ ಹಣಕ್ಕೆ ಏನು ಬಂತು ಎಂಬುದಕ್ಕೆ ಮಾಲೀಕರಿಗೆ ಅದೇ ಸಾಕ್ಷಿ. ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹೊದಿಸಿ ಸ್ಟಾರ್ಟರ್ ಪ್ಯಾನೆಲಿನ ಬಾಗಿಲ ಒಳಗೆ ಅಂಟಿಸಿ. ಮುಂದೆ ಇದೇ ಯಂತ್ರಕ್ಕೆ ಕೈ ಹಾಕುವವರು ನಿಮ್ಮೂರಿನ ಇನ್ನೊಬ್ಬ ಹುಡುಗನೇ ಆಗಿರಬಹುದು. ಅವನು ಊಹೆಯಿಂದ ಶುರು ಮಾಡಬೇಕಾಗಿಲ್ಲ.